ಕರು ಮಲಗುವ ಜಾಗ ಒಣಗಿರಲಿ

2018ರಲ್ಲಿ ಹಳೇ ಹೆಂಚಿನ ಕೊಟ್ಟಿಗೆ ಕೆಡವಿ, ಸಿಮೆಂಟ್ ನೆಲ ಹಾಕಿಸಿ, ಮೇಲೆ ಶೀಟು ಹೊದಿಸಿ ಹೊಸ ಕೊಟ್ಟಿಗೆ ಕಟ್ಟಿಸಿದೆ. ದಿನಕ್ಕೆರಡು ಸಲ ಪೈಪು ಹಿಡಿದು ತೊಳೆಯೋದು. ಸಗಣಿ ವಾಸನೆ ಇಲ್ಲ, ನೋಡೋಕೂ ಚೆಂದ. ನಮ್ಮ ಕುದೂರು ಹೋಬಳಿಯ ಕಡೆಯಿಂದ ನಾಲ್ಕಾರು ಜನ ಬಂದು ನೋಡಿಕೊಂಡು ಹೋದರು. ಆ ವರ್ಷ ಧನುರ್ಮಾಸದಿಂದ ಸಂಕ್ರಾಂತಿಯೊಳಗೆ ಎರಡು ಹೆಣ್ಣುಕರು ಸತ್ತವು. ಒಂದು ಹನ್ನೆರಡು ದಿನದ್ದು, ಇನ್ನೊಂದು ಹತ್ತೊಂಬತ್ತು ದಿನದ್ದು. ಎರಡಕ್ಕೂ ಮೊದಲು ಭೇದಿ, ಆಮೇಲೆ ಕೆಮ್ಮು, ಕೊನೆಗೆ ಏಳಲೇ ಇಲ್ಲ.

ಎರಡನೇ ಕರುವನ್ನು ನೋಡೋಕೆ ಬಂದ ಪಶುವೈದ್ಯರು ಪಕ್ಕದಲ್ಲಿ ಮಂಡಿಯೂರಿ ಕೂತು ಸೂಜಿ ಹಾಕಿದರು. ಎದ್ದು ನಿಂತಾಗ ಅವರ ಪ್ಯಾಂಟಿನ ಎರಡೂ ಮಂಡಿ ಒದ್ದೆ. ‘ಗೌಡ್ರೇ, ಒಂದು ನಿಮಿಷ ಕೂತಿದ್ದಕ್ಕೆ ನನಗೆ ಇಷ್ಟು ಥಂಡಿ ಆಯ್ತು. ಈ ಕೂಸು ಹಗಲೂ ರಾತ್ರಿ ಇದರ ಮೇಲೇ ಮಲಗಿದೆಯಲ್ಲ’ ಅಂದರು. ನಾನು ಮಾತಾಡಲಿಲ್ಲ. ಹಸುವಿಗೆ ಅಂತ ಕಟ್ಟಿಸಿದ ಕೊಟ್ಟಿಗೆಯಲ್ಲಿ ಕರುವಿಗೆ ಅಂತ ನಾನು ಏನೂ ಯೋಚನೆ ಮಾಡಿರಲಿಲ್ಲ.

ಆಮೇಲೆ ಕರು ಸಾಕೋ ರೀತಿಯನ್ನೇ ಬದಲಾಯಿಸಿದೆ. ಇದಕ್ಕೆ ದೊಡ್ಡ ಖರ್ಚು ಆಗಲಿಲ್ಲ. ನನ್ನ ಹಾಗೆ ಎರಡು, ನಾಲ್ಕು ಹಸು ಕಟ್ಟಿಕೊಂಡವರಿಗೆ ಉಪಯೋಗವಾದೀತು ಅಂತ ಇಲ್ಲಿ ಬರೆದಿದ್ದೇನೆ.

ಹಳ್ಳಿಕಾರ್ ಕರು ಹೇಗೆ ಬದುಕುತ್ತಿತ್ತು?

‘ನಮ್ಮ ಕಾಲದಲ್ಲಿ ಕರೀಗೆ ಯಾರು ಇಷ್ಟೆಲ್ಲ ಮಾಡ್ತಿದ್ರು? ತಾವೇ ಬೆಳೀತಿದ್ವು ಕಣಪ್ಪ’ ಅಂತ ನಮ್ಮವ್ವ ಈಗಲೂ ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ನಮ್ಮದು ಹಳ್ಳಿಕಾರ್ ಸೀಮೆ. ಹಳ್ಳಿಕಾರ್ ಹಸು ಕೊಡೋದು ಸ್ವಲ್ಪ ಹಾಲು. ಅದನ್ನು ಸಾಕ್ತಿದ್ದದ್ದು ಉಳುವ ಎತ್ತಿಗಾಗಿ, ಹಾಲಿಗಲ್ಲ. ಹಾಲಿನ ಬಹುಪಾಲು ಕರುವಿಗೇ ಹೋಗ್ತಿತ್ತು. ಹಗಲೆಲ್ಲ ಬಯಲಲ್ಲಿ ತಾಯಿಯ ಹಿಂದೆ ಓಡಾಟ. ರಾತ್ರಿ ಮಣ್ಣಿನ ನೆಲ, ಕೆಳಗೆ ಒಣ ತರಗು. ಆ ತಳಿಗೆ ನಮ್ಮ ಬಿಸಿಲು, ಉಣ್ಣೆ ಎಲ್ಲ ಒಗ್ಗಿದ್ದವು.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಡೇರಿ ಯೋಜನೆ ಕರ್ನಾಟಕಕ್ಕೆ ಬಂತು. ಮುಂದೆ ಹಳ್ಳಿ ಹಳ್ಳಿಯಲ್ಲೂ ಹಾಲಿನ ಸಂಘ ಆಯಿತು, ಕೊಟ್ಟಿಗೆಗೆ ಮಿಶ್ರತಳಿ ಹಸು ಬಂದವು. ಹಾಲಿಗೆ ದಿನವೂ ಬೆಲೆ ಸಿಗೋಕೆ ಶುರುವಾಯಿತು. ಕರುವಿಗೂ ಡೇರಿ ಕ್ಯಾನಿಗೂ ಪೈಪೋಟಿ ಹುಟ್ಟಿದ್ದೇ ಆಗ. ಕರು ಕುಡಿದ ಒಂದೊಂದು ಲೀಟರೂ ಬಟವಾಡೆಯಲ್ಲಿ ಕಡಿಮೆ ಆದ ಹಾಗೆ ನಮಗೆ ಕಾಣುತ್ತೆ. ಮೇಲಾಗಿ ಈ ಕರು ಹುಟ್ಟಿದಾಗಿನಿಂದ ಕೊಟ್ಟಿಗೆಯಲ್ಲೇ ಕಟ್ಟಿಬಿದ್ದಿರುತ್ತೆ. ಹೊಟ್ಟೆಗೂ ಕಡಿಮೆ, ಮಲಗೋ ಜಾಗವೂ ಒದ್ದೆ. ಹಾಗಾಗಿ ಹಳ್ಳಿಕಾರ್ ಕರುವನ್ನು ಬಿಟ್ಟ ಹಾಗೆ ಇದನ್ನು ಬಿಟ್ಟರೆ ಉಳಿಯೋದು ಕಷ್ಟ.

ಮಾಸು ಬೀಳೋವರೆಗೆ ಕಾಯಬೇಡಿ

ನಮ್ಮ ಕಡೆ ಒಂದು ನಂಬಿಕೆ ಇದೆ. ಮಾಸು ಬೀಳೋಗಂಟ ಕರುವಿಗೆ ಮೊಲೆ ಬಿಡಬಾರದು ಅಂತ. ನಮ್ಮ ಮನೆಯಲ್ಲೂ ಹಾಗೇ ಮಾಡ್ತಿದ್ವಿ. ಸತ್ತ ಎರಡು ಕರುಗಳಲ್ಲಿ ಒಂದಕ್ಕೆ ಮೊದಲ ಗಿಣ್ಣುಹಾಲು ಸಿಕ್ಕಿದ್ದು ಹುಟ್ಟಿ ಒಂಬತ್ತು ಗಂಟೆ ಆದಮೇಲೆ.

ಇದು ಯಾಕೆ ತಪ್ಪು ಅಂತ ತಿಳಿದುಕೊಳ್ಳಬೇಕು. ಮನುಷ್ಯರಲ್ಲಿ ತಾಯಿಯ ಹೊಟ್ಟೆಯಲ್ಲೇ ಮಗುವಿಗೆ ರೋಗ ತಡೆಯುವ ಶಕ್ತಿ ಒಂದಿಷ್ಟು ಬಂದಿರುತ್ತೆ. ಹಸುವಿನಲ್ಲಿ ಹಾಗಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತೆ. ಆ ಶಕ್ತಿ ಎಲ್ಲ ಇರೋದು ಗಿಣ್ಣುಹಾಲಿನಲ್ಲಿ. ಅದನ್ನು ರಕ್ತಕ್ಕೆ ಸೇರಿಸಿಕೊಳ್ಳೋ ಬಾಗಿಲು ಕರುವಿನ ಕರುಳಿನಲ್ಲಿ ಹುಟ್ಟಿದಾಗ ಪೂರ್ತಿ ತೆರೆದಿರುತ್ತೆ. ಗಂಟೆ ಗಂಟೆಗೂ ಮುಚ್ಚಿಕೊಳ್ಳುತ್ತಾ ಬಂದು, ಒಂದು ದಿನ ಕಳೆಯೋ ಹೊತ್ತಿಗೆ ಹೆಚ್ಚುಕಡಿಮೆ ಮುಚ್ಚಿಹೋಗುತ್ತೆ. ಮಾರನೇ ದಿನ ಎಷ್ಟೇ ಗಿಣ್ಣು ಕುಡಿಸಿದರೂ ಅದು ಬರೀ ಆಹಾರ.

ಕರುವಿನ ತೂಕದ ಹತ್ತನೇ ಒಂದು ಭಾಗ ಗಿಣ್ಣುಹಾಲು ಮೊದಲ ದಿನದಲ್ಲಿ ಹೋಗಬೇಕು. 30 ಕೆಜಿ ಕರುವಿಗೆ 3 ಲೀಟರು. ಅದರಲ್ಲಿ ಅರ್ಧ ಹುಟ್ಟಿದ ಎರಡು ಗಂಟೆಯೊಳಗೆ. ಕರು ಮೊಲೆ ಚೀಪಿದರೆ ತಾಯಿಯ ಗರ್ಭಕೋಶ ಹಿಡಿದು ಬಿಟ್ಟು ಮಾಡಿ ಮಾಸು ಬೀಳೋಕೂ ಸಹಾಯವಾಗುತ್ತೆ. ಅಂದರೆ ನಾವು ಕಾಯ್ತಿದ್ದದ್ದೇ ಉಲ್ಟಾ. ಹನ್ನೆರಡು ಗಂಟೆ ಆದರೂ ಮಾಸು ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಆದರೆ ಕರುವನ್ನು ಉಪವಾಸ ಕೆಡವಬೇಡಿ.

ಇನ್ನೊಂದು, ಗಿಣ್ಣು ಹಂಚೋದು. ಹಸು ಕರು ಹಾಕಿದರೆ ಅಕ್ಕಪಕ್ಕದ ಮನೆಗೆ ಗಿಣ್ಣುಹಾಲು ಕೊಡೋದು ನಮ್ಮ ಪದ್ಧತಿ. ಅದನ್ನು ಬಿಡಿ ಅಂತ ನಾನು ಹೇಳೋಲ್ಲ. ಆದರೆ ಮೊದಲ ಕರಾವಿನ ಹಾಲಿನಲ್ಲೇ ಸತ್ವ ಹೆಚ್ಚು. ಅದು ಕರುವಿನ ಪಾಲು. ಅದರ ಹೊಟ್ಟೆ ತುಂಬಿದ ಮೇಲೆ ಮಿಕ್ಕಿದ್ದು ನೆಂಟರಿಗೆ. ಮನೆಯಲ್ಲಿ ಫ್ರಿಜ್ ಇದ್ದರೆ ಒಂದು ಬಾಟಲಿ ಗಿಣ್ಣು ಐಸ್ ಆಗುವ ಜಾಗದಲ್ಲಿ ಇಟ್ಟಿರಿ. ಯಾವುದೋ ಹಸು ಗಿಣ್ಣು ಕೊಡದೇ ಹೋದರೆ, ಸತ್ತೇಹೋದರೆ ಅದು ಕರುವಿನ ಜೀವ ಉಳಿಸುತ್ತೆ. ಕೊಡುವಾಗ ಬಾಟಲಿಯನ್ನು ಬೆಚ್ಚನೆ ನೀರಿನಲ್ಲಿಟ್ಟು ಕರಗಿಸಬೇಕು. ಕುದಿಸಿದರೆ ಗಟ್ಟಿಯಾಗಿ ಕೆಟ್ಟುಹೋಗುತ್ತೆ.

ಹೊಕ್ಕಳ ಬಳ್ಳಿ

ಒಂದು ಸಣ್ಣ ಬಾಟಲಿ ಟಿಂಕ್ಚರ್ ಅಯೋಡಿನ್ ತಂದಿಟ್ಟುಕೊಳ್ಳಿ. ಹೊಟ್ಟೆಯಿಂದ ಎರಡು ಇಂಚು ಬಿಟ್ಟು ದಾರದಲ್ಲಿ ಕಟ್ಟಿ, ಹೊಸ ಬ್ಲೇಡಿನಲ್ಲಿ ಕತ್ತರಿಸಿ, ತುದಿಯನ್ನು ಔಷಧಿಯಲ್ಲಿ ಪೂರ್ತಿ ಅದ್ದಬೇಕು. ಬಳ್ಳಿ ಒಣಗೋವರೆಗೆ, ಅಂದರೆ ಎರಡು ಮೂರು ದಿನ, ಹೀಗೆ ಅದ್ದಿ. ಹಸಿ ಹೊಕ್ಕಳು ಒದ್ದೆ ಸಗಣಿಯ ಮೇಲೆ ಬಿದ್ದರೆ ಅಲ್ಲಿಂದಲೇ ನಂಜು ಏರುತ್ತೆ. ಹೊಕ್ಕಳು ಊದಿಕೊಂಡು, ಆಮೇಲೆ ಕಾಲಿನ ಗಿಣ್ಣುಗಳು ಬಾತು ಕರು ಕುಂಟಿದರೆ ಅದಕ್ಕೆ ಬಹಳ ಸಲ ಇದೇ ಕಾರಣ.

ಮಂಡಿಯೂರಿ ನೋಡಿ

ಈಗ ನೆಲದ ವಿಷಯ. ಇದೇ ಮುಖ್ಯ.

ಹುಟ್ಟಿದ ಕರುವಿಗೆ ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಒಣಗಿದ್ದರೆ ಅದರ ಕೂದಲೇ ಕಂಬಳಿ. ಒದ್ದೆಯಾದರೆ ಕಂಬಳಿ ಹೋಯಿತು. ನಮ್ಮಲ್ಲಿ ಅವರೆಕಾಯಿಗೆ ಸೊಗಡು ಬರೋ ಆ ಇಬ್ಬನಿಯ ರಾತ್ರಿಗಳೇ ಕರುವಿಗೆ ಕೆಟ್ಟ ಕಾಲ. ಒದ್ದೆ ಸಿಮೆಂಟು ಮೈಯ ಶಾಖವನ್ನೆಲ್ಲ ಹೀರಿಕೊಳ್ಳುತ್ತೆ. ಕುಡಿದ ಹಾಲು ಬೆಳವಣಿಗೆಗೆ ಹೋಗೋ ಬದಲು ಮೈ ಬೆಚ್ಚಗಿಡೋಕೇ ಖರ್ಚಾಗುತ್ತೆ. ಜೊತೆಗೆ ಗಂಜಲದ ಘಾಟು ನೆಲದ ಮಟ್ಟದಲ್ಲಿ ನಿಂತಿರುತ್ತೆ. ನಿಂತಿರೋ ನಮಗೆ ಅದು ಗೊತ್ತಾಗೋಲ್ಲ. ಮಲಗಿದ ಕರುವಿನ ಮೂಗು ಅಲ್ಲೇ ಇರುತ್ತೆ. ಆ ಘಾಟು ಶ್ವಾಸಕೋಶವನ್ನು ಕೆಡಿಸುತ್ತೆ, ಆಮೇಲೆ ಕೆಮ್ಮು, ನ್ಯುಮೋನಿಯಾ.

ಅದಕ್ಕೆ ನಾನು ದಿನಾ ಸಂಜೆ ಒಂದು ಪರೀಕ್ಷೆ ಮಾಡ್ತೀನಿ. ಕರು ಮಲಗೋ ಜಾಗದಲ್ಲಿ ಅರ್ಧ ನಿಮಿಷ ಮಂಡಿಯೂರಿ ಕೂರೋದು. ಪಂಚೆ ಒದ್ದೆಯಾದರೆ ಹಾಸು ಬದಲಾಯಿಸಬೇಕು. ಅಲ್ಲೇ ತಲೆ ಬಗ್ಗಿಸಿ ಉಸಿರೆಳೆದುಕೊಳ್ಳಿ. ಕಣ್ಣು ಉರಿದರೆ ಗಾಳಿ ಸಾಲದು ಅಂತ ಲೆಕ್ಕ.

ನಾನು ಮಾಡಿದ್ದು ಇಷ್ಟು. ಕೊಟ್ಟಿಗೆಯ ಪೂರ್ವದ ಬದಿಯಲ್ಲಿ ಎಂಟು ಅಡಿ ಉದ್ದ, ಆರು ಅಡಿ ಅಗಲ ಜಾಗ ಬೇರೆ ಮಾಡಿದೆ. ಹಸು ತೊಳೆದ ನೀರು ಹರಿಯದ ಹಾಗೆ ಅರ್ಧ ಅಡಿ ಎತ್ತರಿಸಿ ಗರಸು ಮಣ್ಣು ತುಂಬಿ ದಮ್ಮಸು ಹಾಕಿದೆ. ಸ್ವಲ್ಪ ಇಳಿಜಾರು. ಸುತ್ತ ಬಿದಿರಿನ ಗಳ. ಇಬ್ಬನಿ ಕಾಲದಲ್ಲಿ ಗಾಳಿ ಬೀಸೋ ಕಡೆಗೆ ಮಾತ್ರ ಮೂರಡಿ ಎತ್ತರಕ್ಕೆ ಗೋಣಿತಟ್ಟು. ಅದರ ಮೇಲೆಲ್ಲ ತೆರೆದೇ ಇರುತ್ತೆ. ಬೆಚ್ಚಗಿರಲಿ ಅಂತ ನಾಲ್ಕೂ ಕಡೆ ಪ್ಲಾಸ್ಟಿಕ್ ಕಟ್ಟೋದು ಇನ್ನೊಂದು ತಪ್ಪು. ಆಗ ಘಾಟು ಒಳಗೇ ಉಳಿಯುತ್ತೆ. ಬೆಳಗಿನ ಎಳೆಬಿಸಿಲು ಒಳಗೆ ಬೀಳಬೇಕು, ಅದಕ್ಕೇ ಪೂರ್ವದ ಬದಿ. ಮೂರು ತಿಂಗಳ ಒಳಗಿನ ಒಂದು ಕರುವಿಗೆ ಕನಿಷ್ಠ ಹತ್ತು ಹನ್ನೊಂದು ಚದರಡಿ ಬೇಕು. ನನ್ನ ಜಾಗ ಮೂರು ನಾಲ್ಕು ಕರುವಿಗೆ ಸಾಕು.

ಹಾಸಿಗೆಗೆ ದುಡ್ಡು ಹಾಕಬೇಕಿಲ್ಲ. ಹಸು ತಿಂದು ಬಿಟ್ಟ ರಾಗಿಹುಲ್ಲಿನ ಕಡ್ಡಿ, ಒಣ ತರಗು, ಕಡಲೆಕಾಯಿ ಸಿಪ್ಪೆ, ಒಣಗಿದ ತೆಂಗಿನ ನಾರಿನ ಪುಡಿ, ಯಾವುದಾದರೂ ಸರಿ. ನಾಲ್ಕು ಬೆರಳಿನಷ್ಟು ದಪ್ಪ. ಒದ್ದೆಯಾದ ಭಾಗವನ್ನು ದಿನಾ ತೆಗೆದು ಒಣದ್ದು ಹಾಕೋದು. ವಾರಕ್ಕೊಮ್ಮೆ ಪೂರ್ತಿ ತೆಗೆದು ಮಧ್ಯಾಹ್ನ ಬಿಸಿಲಿಗೆ ನೆಲ ಆರಲು ಬಿಟ್ಟು, ತೆಳ್ಳಗೆ ಸುಣ್ಣ ಉದುರಿಸಿ, ಮತ್ತೆ ಹೊಸ ಹಾಸು. ತೆಗೆದ ಹಾಸು ಗಂಜಲ ಕುಡಿದು ಒಳ್ಳೇ ಗೊಬ್ಬರ ಆಗುತ್ತೆ. ಅದನ್ನು ತಿಪ್ಪೆಗೆ ಹಾಕಿ ರಾಗಿ ಹೊಲಕ್ಕೆ ಹೊಡೆಸ್ತೀನಿ. ಪೈಪಿನ ನೀರು ಕರುವಿನ ಕಡೆ ಹೋಗೋದೇ ಇಲ್ಲ.

ಬೇಸಿಗೆಯಲ್ಲಿ ಶೀಟಿನ ಕೆಳಗೆ ಬಾಣಲೆ ಇದ್ದ ಹಾಗೆ. ಮಾರ್ಚಿಯಿಂದ ಮಳೆ ಬೀಳೋವರೆಗೆ ಶೀಟಿನ ಮೇಲೆ ತೆಂಗಿನ ಗರಿ ಹೊದಿಸ್ತೀನಿ. ಮಧ್ಯಾಹ್ನ ಹೊಂಗೆ ಮರದ ನೆರಳಿಗೆ ಕಟ್ಟೋದು ಇನ್ನೂ ಒಳ್ಳೇದು.

ಎಷ್ಟು ಹಾಲು?

ಹಾಲು ಕರೆದಾದ ಮೇಲೆ ‘ಒಂದು ಮೊಲೆ ಬಿಟ್ಟಿದ್ದೀನಿ’ ಅಂತೀವಿ. ಅದರಲ್ಲಿ ಎಷ್ಟು ಹಾಲಿತ್ತು ಅಂತ ಯಾರಿಗೂ ಗೊತ್ತಿಲ್ಲ. ನಾನೀಗ ಅಳೆದು ಕೊಡ್ತೀನಿ. ಮೊದಲ ತಿಂಗಳು ಕರುವಿನ ತೂಕದ ಹತ್ತನೇ ಒಂದು ಭಾಗ, ಎರಡನೇ ತಿಂಗಳು ಹದಿನೈದನೇ ಒಂದು, ಮೂರನೇ ತಿಂಗಳು ಇಪ್ಪತ್ತನೇ ಒಂದು. ದಿನದ್ದನ್ನು ಎರಡು ಹೊತ್ತಿಗೆ ಹಂಚಬೇಕು. ಕರೆದ ಬಿಸಿ ಆರುವ ಮುಂಚೆಯೇ ಕುಡಿಸಬೇಕು. ಒಂದು ಹೊತ್ತು ತಣ್ಣಗೆ, ಒಂದು ಹೊತ್ತು ಬಿಸಿ, ಒಂದು ದಿನ ಆರು ಗಂಟೆಗೆ, ಇನ್ನೊಂದು ದಿನ ಒಂಬತ್ತಕ್ಕೆ ಆದರೆ ಹೊಟ್ಟೆ ಕೆಡುತ್ತೆ. ಪಾತ್ರೆಯಲ್ಲಿ ಕುಡಿಯೋದು ಕಲಿಸೋಕೆ ಬೆರಳನ್ನು ಹಾಲಿನಲ್ಲಿ ಅದ್ದಿ ಚೀಪಿಸಿ, ಮೆಲ್ಲಗೆ ಕೈ ಕೆಳಗೆ ತನ್ನಿ. ಎರಡು ಮೂರು ದಿನದಲ್ಲಿ ಕಲಿಯುತ್ತೆ. ಪಾತ್ರೆಯನ್ನು ಪ್ರತಿ ಸಲವೂ ಬಿಸಿನೀರಲ್ಲಿ ತೊಳೆದು ಬೋರಲು ಹಾಕಿ.

ತೂಕಕ್ಕೆ ತಕ್ಕಡಿ ಬೇಡ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ಕೆಜಿ ಸಿಗುತ್ತೆ. ಸುತ್ತಳತೆ 30, ಉದ್ದ 26 ಇದ್ದರೆ ಸುಮಾರು 35 ಕೆಜಿ.

ಈ ಲೆಕ್ಕದಲ್ಲಿ ಮೂರು ತಿಂಗಳಿಗೆ ಒಂದು ಕರುವಿಗೆ ಹೆಚ್ಚುಕಡಿಮೆ 250 ಲೀಟರು ಬೇಕು. ಲೀಟರಿಗೆ 35 ರೂಪಾಯಿ ಅಂತ ಹಿಡಿದರೂ 8,750 ರೂಪಾಯಿ. ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಒಂದು ಗಬ್ಬದ ಕಡಸು ಕೊಳ್ಳೋಕೆ ಹೋದರೆ ಏನು ಬೆಲೆ ಹೇಳ್ತಾರೆ ಅಂತ ನಿಮಗೇ ಗೊತ್ತು. ಚೆನ್ನಾಗಿ ಸಾಕಿದ ಕರು ದಿನಕ್ಕೆ 400–500 ಗ್ರಾಂ ಬೆಳೆದು, 250 ಕೆಜಿ ದಾಟಿದ ಮೇಲೆ ಸೂಜಿ ಹಾಕಿಸಿಕೊಂಡು, ಎರಡೂವರೆ ವರ್ಷದ ಒಳಗೇ ಕರು ಹಾಕಬಲ್ಲದು. ಹಾಲು ಉಳಿಸಿ ಬಡಕಲು ಮಾಡಿದ ಕರು ಮೂರೂವರೆ, ನಾಲ್ಕು ವರ್ಷ ಬರೀ ಮೇವು ತಿಂತಾ ನಿಂತಿರುತ್ತೆ. ಆ ಒಂದೂವರೆ ವರ್ಷದ ಮೇವಿನ ಲೆಕ್ಕ ನಾವು ಯಾವತ್ತೂ ಹಾಕೋಲ್ಲ.

ಕೆಚ್ಚಲು ಬಾವಿನ ಹಾಲು, ಸೂಜಿ ಹಾಕಿಸಿದ ಹಸುವಿನ ಹಾಲು ಡೇರಿಗೆ ಹಾಕೋಹಾಗಿಲ್ಲ ಅಂತ ಕರುವಿಗೆ ಕುಡಿಸ್ತಾರೆ. ದಯವಿಟ್ಟು ಬೇಡ.

ನೀರು, ನುಚ್ಚು, ಕುಕ್ಕೆ

ಹಾಲು ಕುಡಿಯೋ ಕರುವಿಗೆ ನೀರು ಯಾಕೆ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ವಾರದಿಂದಲೇ ಶುದ್ಧ ನೀರು ಮುಂದಿರಬೇಕು. ಎರಡನೇ ವಾರದಿಂದ ನುಚ್ಚು. ಕರು ಹುಟ್ಟಿದಾಗ ಮೆಲುಕು ಹಾಕೋ ದೊಡ್ಡ ಹೊಟ್ಟೆ ಇನ್ನೂ ಬೆಳೆದಿರೋಲ್ಲ. ಅದು ಬೆಳೆಯೋದು ಕಾಳು, ನೀರು ಒಳಗೆ ಹೋಗಿ ಹುಳಿತಾಗ. ಮನೆಯಲ್ಲೇ ಮಾಡೋದಾದರೆ 100 ಕೆಜಿಗೆ ಮುಸುಕಿನ ಜೋಳದ ನುಚ್ಚು 50, ಕಡಲೆಕಾಯಿ ಹಿಂಡಿ 30, ಗೋಧಿ ಬೂಸ 17, ಖನಿಜ ಮಿಶ್ರಣ 2, ಉಪ್ಪು 1 ಕೆಜಿ. ಮೊದಮೊದಲು ಹಾಲು ಕುಡಿದ ಕೂಡಲೇ ಒಂದು ಹಿಡಿ ಬಾಯಿಗೆ ಸವರಿ ರುಚಿ ಹತ್ತಿಸಬೇಕು. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಎಸೆಯಿರಿ. ಯೂರಿಯಾ ಸೇರಿದ ದೊಡ್ಡ ದನದ ಆಹಾರ ಆರು ತಿಂಗಳವರೆಗೆ ಬೇಡ. ದಿನಕ್ಕೆ ಮುಕ್ಕಾಲು, ಒಂದು ಕೆಜಿ ನುಚ್ಚು ತಿನ್ನೋ ಹಾಗಾದರೆ ಹಾಲು ಬಿಡಿಸಬಹುದು.

ಮಣ್ಣು ತಿನ್ನುತ್ತೆ ಅಂತ ಕರುವಿಗೆ ಹಗಲೂ ರಾತ್ರಿ ಬಾಯಿಕುಕ್ಕೆ ಹಾಕಿಟ್ಟಿರೋದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೀನಿ. ಕುಕ್ಕೆ ಹಾಕಿದರೆ ನೀರೂ ಇಲ್ಲ, ನುಚ್ಚೂ ಇಲ್ಲ. ಮಣ್ಣು ತಿನ್ನೋದು ಹಸಿವು, ಖನಿಜದ ಕೊರತೆ ಇಲ್ಲವೇ ಜಂತುಹುಳದ ಗುರುತು. ಅದಕ್ಕೆ ಮದ್ದು ಮಾಡಬೇಕು.

ಜಂತು, ಉಣ್ಣೆ, ಲಸಿಕೆ

ಉದ್ದನೆಯ ದುಂಡು ಜಂತುಹುಳ ತಾಯಿಯ ಹಾಲಿನ ಮೂಲಕವೇ ಕರುವಿಗೆ ಬರಬಹುದು. ಆದ್ದರಿಂದ ಹತ್ತು ಹದಿನೈದು ದಿನಕ್ಕೆ ಮೊದಲ ಜಂತಿನ ಔಷಧಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಯಾವ ಔಷಧಿ, ಎಷ್ಟು ಅಂತ ತೂಕ ಹೇಳಿ ಡಾಕ್ಟರನ್ನೇ ಕೇಳಿ.

ಉಣ್ಣೆಯನ್ನು ಸಣ್ಣದು ಅಂತ ಬಿಡಬೇಡಿ. ಮಿಶ್ರತಳಿ ಕರುವಿಗೆ ಅದರಿಂದ ಥೈಲೇರಿಯಾ ಬರುತ್ತೆ. ಜ್ವರ, ಭುಜದ ಮುಂದೆ ಗೆಡ್ಡೆ ಊದಿಕೊಳ್ಳೋದು, ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳೋದು ಇದರ ಲಕ್ಷಣ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹಬ್ಬಿದಾಗಲೂ ಅದನ್ನು ಹೊತ್ತು ತಂದದ್ದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳೇ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕೋರು ಕರುವನ್ನು ಮೊದಲು ಹೊರಗೆ ಕಟ್ಟಿ. ಹೊಗೆ ಅದರ ಎದೆಗೆ ಒಳ್ಳೇದಲ್ಲ. ತಿಪ್ಪೆ ದೂರವಿದ್ದು ನೆಲ ಒಣಗಿದ್ದರೆ ನೊಣ ತಾನಾಗಿ ಕಡಿಮೆ ಆಗುತ್ತೆ.

ಕಾಲುಬಾಯಿ ಜ್ವರದ ಲಸಿಕೆ ನಾಲ್ಕು ತಿಂಗಳಿಗೆ, ಒಂದು ತಿಂಗಳು ಬಿಟ್ಟು ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಒಮ್ಮೆ ಕಂದುರೋಗದ ಲಸಿಕೆ. ಈ ವಯಸ್ಸು ದಾಟಿದರೆ ಅದನ್ನು ಹಾಕೋಲ್ಲ.

ಭೇದಿ ಆದಾಗ

ಹಾಲು ನಿಲ್ಲಿಸಿಬಿಡೋದು ನಮ್ಮ ರೂಢಿ. ಕರು ಸಾಯೋದು ಬಹಳ ಸಲ ಭೇದಿಯಿಂದಲ್ಲ, ಮೈನೀರು ಹೋಗಿ. ಮೊದಲು ಮಾಡಬೇಕಾದ್ದು ಅದನ್ನು ತುಂಬೋದು. ಕುದಿಸಿ ಬೆಚ್ಚಗೆ ಆರಿಸಿದ ಒಂದು ಲೀಟರು ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂಗಡಿಯ ಓಆರ್‌ಎಸ್ ಆದರೂ ಸರಿ. ದಿನಕ್ಕೆ ಎರಡು ಮೂರು ಸಲ, ಹಾಲು ಕೊಟ್ಟು ಎರಡು ಗಂಟೆ ಬಿಟ್ಟು ಕೊಡಬೇಕು. ಹಾಲಿಗೆ ಬೆರೆಸಬೇಡಿ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಮೂರು ನಾಲ್ಕು ಸಲ ಕೊಡಿ.

ಕುತ್ತಿಗೆಯ ಚರ್ಮ ಎಳೆದು ಬಿಡಿ. ತಟ್ಟನೆ ಹಿಂದಕ್ಕೆ ಹೋಗದೆ ಮಡಿಕೆ ಹಾಗೇ ನಿಂತರೆ, ಕಣ್ಣು ಗುಳಿ ಬಿದ್ದರೆ, ಬಾಯಿಯೊಳಗೆ ತಣ್ಣಗಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಮೊಲೆ ಚೀಪದಿದ್ದರೆ ಮನೆಮದ್ದು ಸಾಕು. ಡಾಕ್ಟರನ್ನು ಕರೆಸಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನು ಮಾಡಬಹುದು. ಹೊಟ್ಟೆ ಕೆಟ್ಟ ಕರುವನ್ನು ಬೇರೆ ಕಟ್ಟಿ, ಎಲ್ಲ ಕರುಗಳ ಕೆಲಸ ಮುಗಿಸಿ ಕೊನೆಗೆ ಅದರ ಹತ್ತಿರ ಹೋಗಬೇಕು.

ಗಂಡುಕರು

ಇದನ್ನು ಬರೆಯದೆ ಬಿಟ್ಟರೆ ಪ್ರಾಮಾಣಿಕವಾಗೋಲ್ಲ. ಹಳ್ಳಿಕಾರ್ ಹೋರಿಗರುವಿಗೆ ಜಾತ್ರೆಯಲ್ಲಿ ಬೆಲೆ ಇದೆ. ಮಿಶ್ರತಳಿ ಗಂಡುಕರುವನ್ನು ಕೇಳೋರಿಲ್ಲ. 2021ರಲ್ಲಿ ಗೋಹತ್ಯೆ ನಿಷೇಧ ಕಾನೂನು ಬಿಗಿಯಾದ ಮೇಲೆ ಮಾರೋದು ಇನ್ನೂ ಕಷ್ಟ. ಹಾಲು ಕೊಡದೆ ಅದಾಗಿ ಸಾಯಲಿ ಅಂತ ಬಿಡೋದು ಎಷ್ಟೋ ಕೊಟ್ಟಿಗೆಯಲ್ಲಿ ನಡೀತಿದೆ. ನಾನೂ ಹಿಂದೆ ಮಾಡಿದ್ದೀನಿ. ಪಾಪದ ಮಾತು ಹಾಗಿರಲಿ, ಹಸಿದು ರೋಗ ಹಿಡಿದ ಆ ಕರುವಿನಿಂದಲೇ ಪಕ್ಕದ ಹೆಣ್ಣುಕರುವಿಗೆ ಭೇದಿ ಹತ್ತುತ್ತೆ. ಈಗ ಗಿಣ್ಣು, ಹೊಕ್ಕಳ ಔಷಧಿ, ಒಣ ಹಾಸು ಎರಡಕ್ಕೂ ಒಂದೇ. ಹುಟ್ಟೋದನ್ನೇ ಕಡಿಮೆ ಮಾಡೋಕೆ ಹೆಣ್ಣುಕರುವಿನದೇ ಆಯ್ದ ವೀರ್ಯದ ಕಡ್ಡಿ ಬಂದಿದೆ. ಹತ್ತರಲ್ಲಿ ಒಂಬತ್ತು ಹೆಣ್ಣು ಆಗುತ್ತೆ ಅನ್ನೋ ಲೆಕ್ಕ. ಗಬ್ಬ ಕಟ್ಟೋದು ಮಾಮೂಲಿ ಕಡ್ಡಿಗಿಂತ ಸ್ವಲ್ಪ ಕಡಿಮೆ. ಚೆನ್ನಾಗಿ ಬೆದೆಗೆ ಬರೋ ಕಡಸಿಗೆ ಹಾಕಿಸಿದರೆ ಮೇಲು. ನಿಮ್ಮ ಡೇರಿಯಲ್ಲಿ ವಿಚಾರಿಸಿ. ಹುಟ್ಟಿಬಿಟ್ಟ ಗಂಡುಕರುವಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಆ ಎರಡು ಕರು ಹೋದಮೇಲೆ ನಮ್ಮ ಕೊಟ್ಟಿಗೆಯಲ್ಲಿ ಹದಿನಾಲ್ಕು ಕರು ಹುಟ್ಟಿವೆ. ಒಂದು ಹೆರಿಗೆಯಲ್ಲೇ ಅಡ್ಡ ಸಿಕ್ಕಿ ಸತ್ತಿತು. ಭೇದಿ, ಕೆಮ್ಮಿಗೆ ಒಂದೂ ಹೋಗಿಲ್ಲ. ಈಗ ಕರೆಯುತ್ತಿರೋ ನಾಲ್ಕು ಹಸುಗಳಲ್ಲಿ ಮೂರು ಆ ಗರಸು ನೆಲದ ಮೇಲೇ ಬೆಳೆದವು. ನಮ್ಮವ್ವ ಈಗ ಮಾಸು ಬೀಳೋಗಂಟ ಕಾಯೋಲ್ಲ. ಕರು ಬಿದ್ದ ಕೂಡಲೇ ‘ಮೊದ್ಲು ಅದರ ಬಾಯಿಗೆ ಹಾಲು ಬಿಡ್ಲಾ’ ಅಂತ ನನಗೇ ಗದರಿಸ್ತಾರೆ.

ಇವತ್ತು ಸಂಜೆ ಹಾಲು ಕರೆದಾದ ಮೇಲೆ ನಿಮ್ಮ ಕರು ಮಲಗೋ ಜಾಗದಲ್ಲಿ ಒಮ್ಮೆ ಮಂಡಿಯೂರಿ ಕೂತು ನೋಡಿ. ಇದಕ್ಕಿಂತ ಸುಲಭದ ದಾರಿ ಕಂಡುಕೊಂಡವರು ಈ ಪುಟಗಳಲ್ಲೇ ಬರೆದರೆ ನನಗೂ ಕಲಿಯೋಕಾಗುತ್ತೆ.